ಜ್ಯೋತಿ ಆರಿಹೋಯ್ತು ಸಾರ್!

ಎಂಟನೇ ಕ್ಲಾಸಿನಲ್ಲಿದ್ದಾಗ ನಾನೊಂದು ಸುಳ್ಳು ಹೇಳಿದ್ದೆ. ಹೇಳಿದ್ದೆ ಅನ್ನೋದಕ್ಕಿಂತ, ಇಡೀ ಶಾಲೆ ಒಂದು ಸುಳ್ಳನ್ನು ನಂಬಿ ಚಪ್ಪಾಳೆ ತಟ್ಟುವಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ನಮ್ಮೂರು ಕುಶಾಲನಗರ. ಶಾಲೆಯ ವಾರ್ಷಿಕ ಕ್ರೀಡಾಕೂಟಕ್ಕೆ 'ಕ್ರೀಡಾಜ್ಯೋತಿ' ತರುವ ಪದ್ಧತಿ ಇತ್ತು (ನಿಮ್ಮ ಶಾಲೆಯಲ್ಲೂ ಇದ್ದೇ ಇರತ್ತೆ ಬಿಡಿ). ದೇವಸ್ಥಾನದ ನಂದಾದೀಪದಿಂದ ಪಂಜು ಹೊತ್ತಿಸಿಕೊಂಡು ನಾಲ್ಕು ಹುಡುಗರು ಸರದಿಯ ಮೇಲೆ ಓಡಿ ಮೈದಾನಕ್ಕೆ ತರಬೇಕು. ಪಂಜು ಅಂದ್ರೆ ಒಂದು ಬಿದಿರಿನ ಕೋಲು, ತುದಿಗೆ ಹಾಲಿನ ಪುಡಿಯ ಡಬ್ಬ, ಅದರೊಳಗೆ ಸೀಮೆಎಣ್ಣೆಯಲ್ಲಿ ನೆನೆಸಿದ ಹಳೇ ಪಂಚೆ ತುಂಡು. ಕೊನೆಯ ಸರದಿ ನನ್ನದು. ಅಮ್ಮ ಹಿಂದಿನ ರಾತ್ರಿ ಕ್ಯಾನ್ವಾಸ್ ಶೂಗೆ ಎರಡು ಸಲ ಬಿಳಿ ಬಳಿದಿದ್ದಳು.

ಮೈದಾನದ ಗೇಟಿಗೆ ಇನ್ನೂ ನೂರು ಮೀಟರ್ ಇದೆ ಅನ್ನುವಾಗ ಬೀಸಿತು ನೋಡಿ ಗಾಳಿ. ತಲೆ ಎತ್ತಿದರೆ ಪಂಜಿನಲ್ಲಿ ಬರೀ ಹೊಗೆ! ಹಿಂದೆ ಬೈಕಿನಲ್ಲಿ ಬರುತ್ತಿದ್ದ ಪಿ.ಟಿ. ಮೇಷ್ಟ್ರಿಗೆ "ಜ್ಯೋತಿ ಆರಿಹೋಯ್ತು ಸಾರ್" ಅಂದೆ, ಅಳು ಬರೋದೊಂದು ಬಾಕಿ. ಅವರು ಆ ಕಡೆ ಈ ಕಡೆ ನೋಡಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಗೀರಿದರು. ಮೊದಲನೇ ಕಡ್ಡಿ ಆರಿತು. ಎರಡನೆಯದು ಹತ್ತಿತು. "ಓಡು. ಯಾರ ಹತ್ರಾನೂ ಹೇಳ್ಬೇಡ."

ಮೈಕಿನಲ್ಲಿ "ವಿಘ್ನೇಶ್ವರನ ಸನ್ನಿಧಿಯಿಂದ ಬೆಳಗುತ್ತಾ ಬಂದ ಜ್ಯೋತಿ" ಅಂತ ಕೇಳಿಸುತ್ತಿತ್ತು. ಮುಖ್ಯ ಅತಿಥಿಗಳು ಪಂಜಿಗೆ ಕೈಮುಗಿದೇ ಇಸಕೊಂಡರು. ನಮ್ಮಜ್ಜಿ ಯಾವತ್ತೂ 'ದೀಪ ಆರಿಸು' ಅಂದವರಲ್ಲ, 'ದೀಪ ದೊಡ್ಡದು ಮಾಡು' ಅನ್ನುತ್ತಿದ್ದರು. ಅಂಥಾ ಮನೆಯ ಹುಡುಗ ನಾನು. ಆ ವರ್ಷ ಗಣಿತದಲ್ಲಿ ಕಡಿಮೆ ಮಾರ್ಕ್ಸ್ ಬಂದಾಗ ಕಾರಣ ಏನು ಅಂತ ನನಗೊಬ್ಬನಿಗೇ ಗೊತ್ತಿತ್ತು.

ಇದನ್ನು ಮರೆತೇಬಿಟ್ಟಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಒಂದು ರಾತ್ರಿ, ಬಿಲ್ಡ್ ಮುಗಿಯಲಿ ಅಂತ ಕಾಯುತ್ತಾ ಏನೋ ಓದುತ್ತಿದ್ದಾಗ ಶವಾರ್ಶ್ ಕರಪೆತ್ಯಾನ್ ಸಿಕ್ಕಿದರು.

2013ರ ಅಕ್ಟೋಬರ್ 6. ಸೋಚಿ ಚಳಿಗಾಲದ ಒಲಿಂಪಿಕ್ಸ್‌ನ ಜ್ಯೋತಿ ಮಾಸ್ಕೋಗೆ ಬಂದಿದೆ. ಪುಟಿನ್ ಕೈಯಿಂದ ಶುರುವಾದ ಓಟದಲ್ಲಿ ಕರಪೆತ್ಯಾನ್ ಕ್ರೆಮ್ಲಿನ್ನಿನ ಒಳಗೇ ಓಡುತ್ತಿದ್ದಾರೆ. ಗಾಳಿ ಬೀಸಿತು, ಪಂಜು ಆರಿತು. ಪಕ್ಕದಲ್ಲಿದ್ದ ಭದ್ರತಾ ಸಿಬ್ಬಂದಿಯೊಬ್ಬ ಜೇಬಿನಿಂದ ಸಿಗರೇಟು ಲೈಟರ್ ತೆಗೆದು ಹಚ್ಚಿಯೇಬಿಟ್ಟ! ನನ್ನ ಕಥೆಯೇ, ಕ್ಯಾಮೆರಾ ಇತ್ತು ಅಷ್ಟೇ ವ್ಯತ್ಯಾಸ.

ಆದರೆ ಈ ಕರಪೆತ್ಯಾನ್ ಯಾರು ಗೊತ್ತಾ? ಸೋವಿಯತ್ ಕಾಲದ ಅರ್ಮೇನಿಯಾದ ಫಿನ್-ಈಜು ಚಾಂಪಿಯನ್. 1976ರಲ್ಲಿ ಯೆರೆವಾನ್‌ನಲ್ಲಿ ತಮ್ಮನ ಜೊತೆ ಕೆರೆಯ ಪಕ್ಕ ಅಭ್ಯಾಸದ ಓಟ ಓಡುತ್ತಿದ್ದಾಗ ಜನ ತುಂಬಿದ ಟ್ರಾಲಿಬಸ್ಸೊಂದು ಕಣ್ಣೆದುರೇ ನೀರಿಗೆ ಬಿತ್ತು. ಕಣ್ಣೇ ಕಾಣದ ಕೆಸರು ನೀರಲ್ಲಿ ಮತ್ತೆ ಮತ್ತೆ ಮುಳುಗಿ, ಬಸ್ಸಿನ ಹಿಂದಿನ ಗಾಜು ಒದ್ದು ಒಡೆದು, ಒಬ್ಬೊಬ್ಬರನ್ನೇ ಎಳೆದು ಮೇಲೆ ತಂದರು. ಇಪ್ಪತ್ತು ಜನ ಬದುಕಿದರು. ಇವರಿಗೆ ಗಾಜಿನ ಗಾಯ, ನ್ಯುಮೋನಿಯಾ, ರಕ್ತಕ್ಕೆ ನಂಜು. ಈಜಿನ ಬದುಕು ಅಲ್ಲಿಗೆ ಮುಗಿಯಿತು. ಇಂಥವರ ಕೈಯಲ್ಲೇ ಆರಬೇಕಾ ಅದು? ಅವರ ಕೈಯಲ್ಲೇ ಆರಬಹುದಾದರೆ, ಅಂತ ನನಗೆ ಸ್ವಲ್ಪ ಉಸಿರು ಬಂತು.

ಆಮೇಲೆ ಹುಚ್ಚು ಹತ್ತಿ ಹುಡುಕುತ್ತಾ ಹೋದೆ. ಅದೇ 1976ರಲ್ಲಿ, ಮಾಂಟ್ರಿಯಲ್ ಕ್ರೀಡಾಕೂಟಕ್ಕೆ ಜ್ಯೋತಿಯನ್ನು ಅಥೆನ್ಸಿನಿಂದ ವಿದ್ಯುತ್ ಸಂಕೇತ ಮಾಡಿ ಉಪಗ್ರಹದ ಮೂಲಕ ಒಟ್ಟಾವಾಕ್ಕೆ ಕಳಿಸಿ, ಅಲ್ಲಿ ಲೇಸರಿನಿಂದ ಹೊತ್ತಿಸಿದ್ದರಂತೆ. (ಹೋಗಿದ್ದು ಬೆಂಕಿಯೋ, ಬೆಂಕಿಯ ಸುದ್ದಿಯೋ? ನಮ್ಮ ಟೀಮಿನಲ್ಲಿ ಇದರ ಮೇಲೆ ಒಂದು ಕಾಫಿ ಹೊತ್ತು ಪೂರ್ತಿ ಜಗಳ ನಡೆದಿದೆ.) ಅಷ್ಟೆಲ್ಲಾ ಮಾಡಿದ ಮೇಲೆ ಕ್ರೀಡಾಂಗಣದಲ್ಲಿ ಮಳೆ ಬಂದು ಅದು ಆರಿತು. ಅಲ್ಲಿದ್ದವರೊಬ್ಬರು ಸಿಗರೇಟು ಲೈಟರಿನಿಂದಲೇ ಹಚ್ಚಿದರು. ಅಧಿಕಾರಿಗಳು ಓಡಿಬಂದು ಅದನ್ನು ಆರಿಸಿ, ಮೂಲಜ್ಯೋತಿಯ ಲಾಂದ್ರದಿಂದ ಮತ್ತೆ ಹಚ್ಚಿಸಿದರು. ಹೌದು, ಬ್ಯಾಕಪ್ ಇರತ್ತೆ! ಓಡುವವರ ಜೊತೆ ವಾಹನದಲ್ಲಿ ಗಾಜಿನ ಲಾಂದ್ರಗಳಲ್ಲಿ ಅದೇ ಬೆಂಕಿ ಬರುತ್ತಿರುತ್ತದೆ. ಒಲಿಂಪಿಯಾದಲ್ಲಿ ಕನ್ನಡಿಯಿಂದ ಬಿಸಿಲು ಹಿಡಿದು ಹೊತ್ತಿಸುವ ದಿನ ಮೋಡ ಕವಿದರೆ ಅಂತ ತಾಲೀಮಿನ ದಿನದ ಬೆಂಕಿಯನ್ನೂ ಎತ್ತಿಟ್ಟಿರುತ್ತಾರೆ. 2024ರ ಏಪ್ರಿಲ್‌ನಲ್ಲಿ ಹಾಗೇ ಆಯ್ತು. ನಮ್ಮ ಮೇಷ್ಟ್ರ ಹತ್ತಿರ ಬ್ಯಾಕಪ್ ಅಂತ ಇದ್ದದ್ದು ಬೆಂಕಿಪೊಟ್ಟಣ ಒಂದೇ.

ಹಳೇ ಗ್ರೀಕರ ನಿಯಮ ಕೇಳಿದರೆ ಮಾತ್ರ ನಾನು ಔಟ್. ಅಥೆನ್ಸಿನಲ್ಲಿ ಪ್ರೊಮಿಥಿಯಸ್ಸನ ಬಲಿಪೀಠದಿಂದ ಊರಿಗೆ ಪಂಜು ಹಿಡಿದು ಓಡುವ ಸ್ಪರ್ಧೆ ಇತ್ತು, ಆರಿದವನಿಗೆ ಗೆಲುವಿಲ್ಲ. ಎಲ್ಲರದ್ದೂ ಆರಿದರೆ ಯಾರೂ ಗೆಲ್ಲಲಿಲ್ಲ ಅಂತ ಲೆಕ್ಕ. ಆದರೆ ಅದು ಅಥೆನ್ಸಿನ ಹಬ್ಬದ್ದು. ಪ್ರಾಚೀನ ಒಲಿಂಪಿಕ್ಸ್‌ನಲ್ಲಿ ಹೀಗೆ ಊರಿಂದೂರಿಗೆ ಜ್ಯೋತಿ ಒಯ್ಯುವ ಓಟ ಇರಲೇ ಇಲ್ಲ. 1928ರ ಆಂಸ್ಟರ್‌ಡ್ಯಾಮಿನಲ್ಲಿ ಗೋಪುರದ ಮೇಲೆ ಮೊದಲ ಬಾರಿಗೆ ಬೆಂಕಿ ಉರಿಯಿತು, ಹಚ್ಚಿದ್ದು ಆ ಊರಿನ ವಿದ್ಯುತ್ ಇಲಾಖೆಯ ನೌಕರ.

ಹಾಗಾದರೆ ಓಟ ಎಲ್ಲಿಂದ ಬಂತು? ಇಲ್ಲಿ ನನಗೆ ನಿಜವಾಗಿ ಬೇಜಾರಾಯಿತು. 1936, ಬರ್ಲಿನ್, ಹಿಟ್ಲರನ ಕಾಲ. ಯೋಜನೆ ಕಾರ್ಲ್ ಡೀಮ್ ಎಂಬ ಸಂಘಟಕನದು. ಕನ್ನಡಿ ಝೈಸ್ ಕಂಪನಿಯದು, ಪಂಜು ಕ್ರುಪ್ ಕಂಪನಿಯದು, ಅದೇ ಫಿರಂಗಿ ಮಾಡುವ ಕ್ರುಪ್. ಮೂರು ಸಾವಿರಕ್ಕೂ ಹೆಚ್ಚು ಓಟಗಾರರು ಗ್ರೀಸ್, ಬಲ್ಗೇರಿಯಾ, ಯುಗೋಸ್ಲಾವಿಯಾ, ಹಂಗೇರಿ, ಆಸ್ಟ್ರಿಯಾ, ಚೆಕೊಸ್ಲೊವಾಕಿಯಾ ದಾಟಿ ಹನ್ನೆರಡು ದಿನದಲ್ಲಿ ಜರ್ಮನಿಗೆ ತಂದರು. ಹತ್ತು ವರ್ಷ ಕಳೆಯುವುದರೊಳಗೆ ಈ ದಾರಿಯ ಬಹುಪಾಲು ದೇಶಗಳ ಮೇಲೆ ಅದೇ ಜರ್ಮನಿಯ ಬೂಟುಗಳು ಓಡಾಡಿದವು. ಯುದ್ಧದ ನಂತರ ಒಲಿಂಪಿಕ್ಸ್‌ನವರು ಇದನ್ನು ಕೈಬಿಡಬಹುದಿತ್ತು. ಬಿಡಲಿಲ್ಲ. 1948ರಲ್ಲಿ ಒಲಿಂಪಿಯಾದಿಂದ ಮೊದಲು ಹೊರಟ ದಿಮಿತ್ರೇಲಿಸ್ ಎಂಬ ಗ್ರೀಕ್ ಸೈನಿಕ ಓಡುವ ಮುನ್ನ ಆಯುಧ ಕೆಳಗಿಟ್ಟು, ಸಮವಸ್ತ್ರ ಕಳಚಿದ. ಆಗ ಅವನ ದೇಶದಲ್ಲೇ ಅಂತರ್ಯುದ್ಧ ನಡೆಯುತ್ತಿತ್ತು. 1964ರಲ್ಲಿ ಟೋಕಿಯೊದಲ್ಲಿ ಕೊನೆಗೆ ಹಚ್ಚಿದ ಸಕಾಯಿ ಎಂಬ ಹುಡುಗ ಹುಟ್ಟಿದ್ದು 1945ರ ಆಗಸ್ಟ್ 6ರಂದು, ಹಿರೋಷಿಮಾ ಪ್ರಾಂತ್ಯದಲ್ಲಿ.

ನಡುವೆ 1956ರಲ್ಲಿ ಸಿಡ್ನಿಯ ಕಾಲೇಜು ಹುಡುಗರು ಇನ್ನೊಂದು ದಾರಿ ಹಿಡಿದರು. ನಾಝಿಗಳು ಶುರುಮಾಡಿದ್ದಕ್ಕೆ ಇಷ್ಟು ಭಕ್ತಿ ಯಾಕೆ ಅಂತ, ಕುರ್ಚಿ ಕಾಲಿಗೆ ಬೆಳ್ಳಿ ಬಣ್ಣ ಬಳಿದು, ಮೇಲೆ ಪುಡ್ಡಿಂಗ್ ಡಬ್ಬ ಇಟ್ಟು, ಅದರಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಒಳಚಡ್ಡಿ ಉರಿಸಿ ಓಡಿದರು. ಬ್ಯಾರಿ ಲಾರ್ಕಿನ್ ಅದನ್ನು ಮೇಯರ್ ಕೈಗೇ ಕೊಟ್ಟು ಜಾಗ ಖಾಲಿ ಮಾಡಿದ. ಮೇಯರ್ ಭಾಷಣ ಶುರುಮಾಡಿಯೂ ಆಗಿತ್ತು! ನಮ್ಮ ಹಾಲಿನ ಪುಡಿ ಡಬ್ಬಕ್ಕೆ ಇಷ್ಟು ದೊಡ್ಡ ವಂಶಾವಳಿ ಇದೆ ಅಂತ ನನಗೇನು ಗೊತ್ತು.

2008ರ ಏಪ್ರಿಲ್ 17 ನನಗೆ ಮಸುಕಾಗಿ ನೆನಪಿದೆ. ಬೀಜಿಂಗ್‌ನ ಜ್ಯೋತಿ ದೆಹಲಿಗೆ ಬಂದ ದಿನ. ರಾಷ್ಟ್ರಪತಿ ಭವನದಿಂದ ಇಂಡಿಯಾ ಗೇಟ್‌ವರೆಗಿನ ಚಿಕ್ಕ ದಾರಿ, ಟೀವಿಯಲ್ಲಿ ಪೊಲೀಸರು ಕಂಡಷ್ಟು ಬೆಂಕಿ ಕಾಣಲಿಲ್ಲ. ಭೈಚುಂಗ್ ಭುಟಿಯಾ ನಾನು ಹಿಡಿಯಲ್ಲ ಅಂದಿದ್ದರು. ಕಾವೇರಿ ಸೇತುವೆ ದಾಟಿದರೆ ನಮಗೆ ಬೈಲಕುಪ್ಪೆ. ನಾವು ಸ್ವೆಟರ್ ಕೊಳ್ಳುತ್ತಿದ್ದ ಟಿಬೆಟನ್ ಅಂಕಲ್ ಆ ವಾರ ದೆಹಲಿಗೆ ಹೋಗಿದ್ದರು. ವಾಪಸ್ ಬಂದಾಗ "ಜ್ಯೋತಿ ನೋಡಿದ್ರಾ ಅಂಕಲ್?" ಅಂತ ಆಸೆಯಿಂದ ಕೇಳಿದ್ದೆ. "ನೋಡಿದೆ, ನಮ್ದು" ಅಂದರು, ಅಚ್ಚ ಕನ್ನಡದಲ್ಲಿ. ಆ ದಿನ ಟಿಬೆಟಿನವರು ರಾಜಘಾಟ್‌ನಿಂದ ಜಂತರ್ ಮಂತರ್‌ಗೆ ತಮ್ಮದೇ ಇನ್ನೊಂದು ಪಂಜು ಹಿಡಿದು ಓಡಿದ್ದರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಮರುವರ್ಷ ಒಲಿಂಪಿಕ್ ಸಮಿತಿ ದೇಶದೇಶ ಸುತ್ತುವ ಓಟವನ್ನೇ ನಿಲ್ಲಿಸಿತು.

ಪ್ಯಾರಿಸ್ 2024ರ ಕುಂಡದಲ್ಲಂತೂ ಬೆಂಕಿಯೇ ಇರಲಿಲ್ಲ, ನೀರಿನ ಮಂಜಿನ ಮೇಲೆ ಎಲ್‌ಇಡಿ ಬೆಳಕು. ನಿಜವಾದ ಜ್ಯೋತಿ ಪಕ್ಕದಲ್ಲೊಂದು ಲಾಂದ್ರದಲ್ಲಿತ್ತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಪಿ.ಟಿ. ಮೇಷ್ಟ್ರು ಸಿಕ್ಕಿದ್ದರು. ರಿಟೈರ್ ಆಗಿದ್ದಾರೆ, ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಕ್ರೆಮ್ಲಿನ್ನಿನ ಕಥೆ ಪೂರ್ತಿ ಹೇಳಿದೆ. ಚೀಲ ಕೆಳಗಿಟ್ಟು ಗಮನವಿಟ್ಟು ಕೇಳಿದರು.

"ಲೈಟರ್ ಅಲ್ವೇನೋ ಅವರದ್ದು? ನಂದು ಬೆಂಕಿಪೊಟ್ಟಣ. ಅಂಥಾ ಗಾಳೀಲೂ ಎರಡನೇ ಕಡ್ಡಿಗೇ ಹತ್ತಿಸ್ದೆ" ಅಂದರು.