ಯಾವ ಮಗ್ಗಲು ಕೆಳಗೆ?

ಒಂದು ಕಡೆಯ ಶ್ವಾಸಕೋಶವನ್ನು ಪೂರ್ತಿ ತೆಗೆದ ಮೇಲೆ ಎದೆಯೊಳಗಿನ ಖಾಲಿ ಜಾಗ ಏನಾಗುತ್ತದೆ? ಮೊದಲು ಗಾಳಿ ಇರುತ್ತದೆ. ಆಮೇಲೆ ವಾರಗಟ್ಟಲೆ ನಿಧಾನವಾಗಿ ನೀರು ತುಂಬುತ್ತದೆ. ಎಕ್ಸ್‌ರೇಯಲ್ಲಿ ನೀರಿನ ಗೆರೆ ಏರುತ್ತಿದ್ದರೆ ವೈದ್ಯರಿಗೆ ಸಮಾಧಾನ, ಏರಿದ್ದು ಇಳಿದರೆ ಗಾಬರಿ. 2009, 2019ರಲ್ಲಿ ಮಲಪ್ರಭೆಯ ನೆರೆ ಕಂಡ ಹೊಳೆಮಣ್ಣೂರಿನಲ್ಲಿ ಈ ಮಾತು ಯಾರಿಗಾದರೂ ತಿರುಗುಮುರುಗಾಗಿಯೇ ಕೇಳಿಸೀತು.

*

1933, ಅಮೆರಿಕದ ಸೇಂಟ್ ಲೂಯಿಸ್. ಶಸ್ತ್ರವೈದ್ಯ ಇವಾರ್ಟ್ಸ್ ಗ್ರಹಾಂ ಕ್ಯಾನ್ಸರ್ ಹಿಡಿದ ಶ್ವಾಸಕೋಶವನ್ನು ಇಡಿಯಾಗಿ ತೆಗೆದರು. ಖಾಲಿ ಜಾಗ ಕುಗ್ಗಲೆಂದು ಹಲವು ಪಕ್ಕೆಲುಬುಗಳನ್ನೂ ತೆಗೆದರು. ರೋಗಿ, ಅವರೂ ವೈದ್ಯರೇ, 1963ರವರೆಗೆ ಬದುಕಿದರು.

*

ಖಾಲಿ ಜಾಗದ ನೀರು ಇಳಿಯಿತೆಂದರೆ ಹೊಲಿದು ಮುಚ್ಚಿದ ಶ್ವಾಸನಾಳದ ತುದಿ ಬಿಚ್ಚಿರಬಹುದು. ಜ್ವರ, ಒಮ್ಮೆಲೆ ಕೆಮ್ಮು, ಕೆಮ್ಮಿದರೆ ಕೆಂಪು ಬೆರೆತ ತೆಳ್ಳನೆಯ ನೀರು. ಆ ನೀರು ಉಳಿದಿರುವ ಒಂದೇ ಶ್ವಾಸಕೋಶಕ್ಕೆ ಹರಿಯಬಾರದು. ಆದ್ದರಿಂದ ತಲೆ ಎತ್ತರಿಸಿ, ಆಪರೇಷನ್ ಆದ ಮಗ್ಗಲು ಕೆಳಗೆ.

ಇನ್ನೂ ಅಪರೂಪದ್ದೊಂದಿದೆ. ಹೃದಯದ ಪೊರೆಯನ್ನೂ ಕೊಯ್ದಿದ್ದರೆ, ಆ ಕಿಂಡಿಯಿಂದ ಹೃದಯವೇ ಖಾಲಿ ಜಾಗಕ್ಕೆ ಜಾರಬಹುದು. ಬಿ.ಪಿ. ಥಟ್ಟನೆ ಕುಸಿಯುತ್ತದೆ. ಆಗ ಆಪರೇಷನ್ ಆದ ಮಗ್ಗಲು ಮೇಲೆ! ಹೃದಯ ತನ್ನ ಭಾರಕ್ಕೆ ಹಿಂದಕ್ಕೆ ಬೀಳಲಿ ಎಂದು. ತಡಮಾಡದೆ ಎದೆ ತೆರೆದು ಕಿಂಡಿಗೆ ತೇಪೆ ಹಾಕಬೇಕು.

ಒಂದೇ ಗಾಯ, ಎರಡು ವಿರುದ್ಧ ಮಗ್ಗಲು. ಬಹಳ ಹೊತ್ತು ಇದು ನನಗೆ ಒಗಟಾಗಿತ್ತು. ಒಂದರಲ್ಲಿ ನೀರನ್ನು ಹಿಡಿದಿಡಬೇಕು, ಇನ್ನೊಂದರಲ್ಲಿ ಹೃದಯವನ್ನು ಹಿಂದಕ್ಕೆ ಕರೆಯಬೇಕು. ಎರಡಕ್ಕೂ ಕೆಲಸ ಮಾಡುವುದು ಭೂಮಿಯ ಸೆಳೆತವೇ.

*

ಹೃದಯ ಜಾರುವುದು ಹೆಚ್ಚಾಗಿ ಮೊದಲ ದಿನವೇ, ಐಸಿಯುನಲ್ಲಿ, ನೋಡುವವರ ಕಣ್ಣೆದುರು. ಶ್ವಾಸನಾಳದ ತುದಿ ಬಿಚ್ಚುವುದು ವಾರಗಳ ನಂತರವೂ ಆದೀತು. ಆ ಹೊತ್ತಿಗೆ ರೋಗಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಊರಿಗೆ ಬಂದು ಪಡಸಾಲೆಯಲ್ಲಿ ಮಲಗಿರುತ್ತಾರೆ. ಪಕ್ಕದಲ್ಲಿರುವುದು ಹೆಂಡತಿ, ಸೊಸೆ. "ಯಾವ ಮಗ್ಗಲಕ್ಕ ಮಲಗಸೂದ್ರೀ?" ಎಂದು ಕೇಳಲು ಅಲ್ಲಿ ನರ್ಸ್ ಇಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇಷ್ಟನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಡಲೇಬೇಕು: ಕೆಮ್ಮಿನಲ್ಲಿ ಕೆಂಪು ನೀರು ಬಂದರೆ ಎಬ್ಬಿಸಿ, ಒರಗಿಸಿ, ಆಪರೇಷನ್ ಆದ ಮಗ್ಗಲು ಕೆಳಗೆ ಮಾಡಿ, 108ಕ್ಕೆ ಫೋನ್ ಮಾಡಿ. ತುದಿ ಬಿಚ್ಚುವ ಅಪಾಯ ಹೆಚ್ಚಿರುವ, ಬಲಗಡೆಯ ಶ್ವಾಸಕೋಶ ತೆಗೆದವರ, ಸಕ್ಕರೆ ಕಾಯಿಲೆಯವರ ಮನೆಯವರಿಗೆ ಈ ಸಾಲನ್ನು ಬಾಯಿಬಿಟ್ಟು ಓದಿಯೂ ಹೇಳಬೇಕು.