ಬೋರು ಮುಚ್ಚಿದರು, ಮಣ್ಣು ಅಲ್ಲೇ ಇದೆ

ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿನ ಹೋಟೆಲಿನಲ್ಲಿ ಸುಸಲಾದ ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾ ಮಾಲೀಕ ಕೇಳುತ್ತಾನೆ: ‘ಯಾವ ಕಡಿಯವರ್ರಿ? ದರ್ಗಾಕ ಬಂದೀರೋ, ಗಣಿಗೆ ಬಂದೀರೋ?’

ಹೊರಗಿನವರು ಈ ಊರಿಗೆ ಬರುವುದು ಇವೆರಡಕ್ಕೇ ಎಂಬುದು ಅವನ ಲೆಕ್ಕ. ಎರಡಕ್ಕೂ ಎನ್ನುತ್ತೇನೆ. ಬಿಸಿ ಮಿರ್ಚಿಯ ತಟ್ಟೆಯನ್ನು ನನ್ನತ್ತ ಸರಿಸಿ, ‘ಹಂಗಾದ್ರ ಮದಲ ದರ್ಗಾ ನೋಡ್ರಿ. ಗಣಿಯಾಗ ನೋಡಾಕ ಏನೂ ಇಲ್ಲ’ ಎನ್ನುತ್ತಾನೆ. ಖಾರ ನೆತ್ತಿಗೇರುತ್ತದೆ. ಸ್ಟೀಲಿನ ಲೋಟ ಎತ್ತಿಕೊಂಡವನು ತುಟಿಯ ತನಕ ಒಯ್ದು ತಡೆಯುತ್ತೇನೆ. ಅರ್ಧ ಕ್ಷಣವೂ ಇರಲಿಕ್ಕಿಲ್ಲ, ಅವನ ಕಣ್ಣಿಗೆ ಬಿದ್ದೇಬಿಟ್ಟಿದೆ.

‘ಕುಡೀರಿ, ಫಿಲ್ಟರ್ ನೀರ ಐತಿ.’

ನಾಚಿಕೆಯಾಗಿ ಪೂರಾ ಲೋಟ ಕುಡಿದು ಏಳುತ್ತೇನೆ.

ದರ್ಗಾದ ಅಂಗಳದಲ್ಲಿ ಚಪ್ಪಲಿ ಬಿಟ್ಟು ಕಾಲಿಟ್ಟರೆ ಪರಸಿ ಕಲ್ಲು ಇನ್ನೂ ರಾತ್ರಿಯ ತಂಪನ್ನು ಬಿಟ್ಟಿಲ್ಲ. ಸೂಫಿ ಸಂತ ಚಂದಾ ಹುಸೇನಿ ಇಲ್ಲಿ ಮಲಗಿದ್ದಾರೆ. ಅವರ ಮಗ್ಗುಲಲ್ಲಿ ಮಣ್ಣಾಗಬೇಕೆಂಬ ಆಸೆಗೆ ಬಿಜಾಪುರದ ಮೊದಮೊದಲ ಆದಿಲಶಾಹಿ ಅರಸರೂ ಇಲ್ಲಿಗೇ ಬಂದರು: 1510ರಲ್ಲಿ ತೀರಿಕೊಂಡ ಯೂಸುಫ್, 1534ರಲ್ಲಿ ಇಸ್ಮಾಯಿಲ್, 1558ರಲ್ಲಿ ಮೊದಲನೇ ಇಬ್ರಾಹಿಂ. ಮುಂದೆ ಗೋಳಗುಮ್ಮಟದಂಥದ್ದನ್ನು ಕಟ್ಟಿಸಿಕೊಂಡ ವಂಶದ ಹಿರಿಯರು ಇವರು ಅಂದರೆ ನಂಬುವುದು ಕಷ್ಟ, ಅಷ್ಟು ಸಾದಾ ಗೋರಿಗಳು.

ಕಾಲಡಿಯ ಈ ಕಲ್ಲು ಭೀಮಾ ಕೊಳ್ಳದ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ಅದು ನಿಮ್ಮ ಮನೆಯ ಹಿತ್ತಲಲ್ಲೂ ಇದ್ದೀತು. ಗೋಗಿಯಿಂದ ಕುರ್ಲಗೇರಾ ಕಡೆಗೆ ನೆಲದೊಳಗೆ ಒಂದು ಬಿರುಕು ಹಾಯ್ದಿದೆ. ಆ ಬಿರುಕಿನಲ್ಲಿ ಚೂರಾದ ಸುಣ್ಣದ ಕಲ್ಲಿನಲ್ಲಿ, ಅದರ ಕೆಳಗಿನ ಗ್ರಾನೈಟಿನಲ್ಲಿ ಯುರೇನಿಯಂ ಇದೆ. ಅಣು ಖನಿಜ ನಿರ್ದೇಶನಾಲಯದವರು ಅದನ್ನು ಪತ್ತೆ ಹಚ್ಚಿದ್ದು ತೊಂಬತ್ತರ ದಶಕದಲ್ಲಿ. ಆಮೇಲೆ ಭಾರತೀಯ ಯುರೇನಿಯಂ ನಿಗಮದ ಪ್ರಾಯೋಗಿಕ ಗಣಿ ಬಂತು, ನೆಲದಾಳಕ್ಕೆ ಕೂಪ ಇಳಿಯಿತು, ಜನರ ವಿರೋಧವೂ ಎದ್ದಿತು. ಅದಿರು ತೆಗೆದು ಮಾರುವ ದೊಡ್ಡ ಗಣಿ ಮಾತ್ರ ಶುರುವಾಗಲಿಲ್ಲ.

ಹೋಟೆಲಿನವನು ಹೇಳಿದ್ದು ನಿಜ, ನೋಡಲು ಏನೂ ಇಲ್ಲ. ಬೇಲಿ, ಗೇಟು, ಬೇಲಿಗೆ ಒರಗಿದ ಜಾಲಿ. ಅತ್ತ ಹತ್ತಿ ಹೊಲ, ಇತ್ತ ತೊಗರಿ. ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಾನು ಕೇಳುವ ಮೊದಲೇ ಹೇಳುತ್ತಾರೆ: ‘ಒಳಗಿನ ನೀರು ಹೊರಗ ಬಿಟ್ರಲ್ರೀ, ಅಲ್ಲಿಂದ ಸುರು ಆತು ನಮ್ಮ ತಕರಾರು.’

ಬಾವಿ ತೋಡಿದವರಿಗೆಲ್ಲ ಗೊತ್ತು, ಸೆಲೆ ಸಿಕ್ಕ ಮೇಲೆ ಇನ್ನೂ ಕೆಳಗೆ ಇಳಿಯಬೇಕಾದರೆ ನೀರೆತ್ತಿ ಹೊರಗೆ ಹಾಕುತ್ತಲೇ ಇರಬೇಕು. ಗಣಿಯಲ್ಲೂ ಅದೇ. ಆ ನೀರು ಸೇರುವುದು ಹಳ್ಳ, ಹಳ್ಳದಲ್ಲಿ ದನ. ದನ ಸತ್ತದ್ದಕ್ಕೆ, ಊರಿನ ಜಡ್ಡುಜಾಪತ್ರಿಗೆ ಗಣಿಯೇ ಕಾರಣವೆಂದು ಜನ ದೂರಿದರು.

ಆದರೆ ಈ ನೆಲದ ಕತೆ ಅಷ್ಟು ಸಲೀಸಲ್ಲ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಗೋಗಿಯ ಸುತ್ತಲಿನ 273 ಮಣ್ಣಿನ ಮಾದರಿ ತೆಗೆದು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಗಾಮಾ ವಿಕಿರಣದ ಪ್ರಮಾಣ ಮನೆಯೊಳಗೆ ಗಂಟೆಗೆ ಸರಾಸರಿ 104 ನ್ಯಾನೊಗ್ರೇ, ಹೊರಗೆ 97. ಮುಖ್ಯವಾದದ್ದು ಈ ಸರಾಸರಿಯಲ್ಲ. ಸಣ್ಣ ಜಾಗದೊಳಗೇ ಅಂಕಿ ಭಾರಿ ಏರಿಳಿಯುತ್ತಿತ್ತು, ಯಾಕೆಂದರೆ ಖನಿಜ ಅಲ್ಲಲ್ಲಿ ಗಂಟು ಕಟ್ಟಿ ಕೂತಿದೆ. ಗುದ್ದಲಿ ಬೀಳುವ ಮೊದಲೂ ಈ ನೆಲದಲ್ಲಿ ಯುರೇನಿಯಂ ಇತ್ತು. ಸುಣ್ಣದ ಕಲ್ಲಿನ ಕಾರ್ಬೊನೇಟು ಕರಗಿದ, ಗಾಳಿ ತಾಕಿದ ನೀರಿನಲ್ಲಿ ಅದು ಸುಲಭವಾಗಿ ಬೆರೆತು ಹರಿಯುತ್ತದೆ. ಹೀಗಿರುವಾಗ ‘ಮೊದಲಿನಂತೆ ಮಾಡಿಕೊಡಿ’ ಎಂದು ಕೇಳುವವನು ಯಾವ ಮೊದಲನ್ನು ತೋರಿಸಬೇಕು? ನನ್ನ ಮಟ್ಟಿಗೆ ಆ 273 ಮಣ್ಣಿನ ಪೊಟ್ಟಣಗಳೇ ಗೋಗಿಯ ದೊಡ್ಡ ಆಸ್ತಿ. ನಾಳೆ ದೊಡ್ಡ ಗಣಿ ಬಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಇಡಲು ಅದೊಂದಾದರೂ ಇದೆ.

ಲೋಟದ ನೀರಿನ ವಿಷಯದಲ್ಲಿ ಮಿತಿಯೇ ನಿಂತಲ್ಲಿ ನಿಂತಿಲ್ಲ. ಲೀಟರಿಗೆ 15 ಮೈಕ್ರೊಗ್ರಾಂ ಯುರೇನಿಯಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಹೇಳಿತು. 2011ರಲ್ಲಿ ಅದನ್ನೇ 30 ಮಾಡಿತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಇಟ್ಟಿದ್ದು 60. ಲೀಟರಿಗೆ 45 ಇರುವ ನೀರು ಜಿನೀವಾದ ಸಂಸ್ಥೆಗೆ ಕೆಟ್ಟದ್ದು, ಮುಂಬೈಯ ಮಂಡಳಿಗೆ ಒಳ್ಳೆಯದು. ಕುಡಿಯುವವರ ಮೂತ್ರಪಿಂಡ ಯಾವ ಊರಿನ ಲೆಕ್ಕ ನಂಬಬೇಕೋ. ವಿಕಿರಣಕ್ಕಿಂತ ಮೊದಲು ಈ ಲೋಹ ಹಿಡಿಯುವುದು ಅದನ್ನೇ.

ಹತ್ತು ದಾಟುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತದೆ. ಶಹಾಪುರ ದಾಟುವಾಗ ಮಲಗಿದ ಬುದ್ಧನ ಬೆಟ್ಟ ಎಂದಿನಂತೆ ಆಕಾಶ ನೋಡುತ್ತಾ ಮಲಗಿದೆ. ಅಲ್ಲಿಂದಾಚೆ ಕೃಷ್ಣೆಯ ಕಾಲುವೆ ಮುಟ್ಟಿದಲ್ಲೆಲ್ಲ ಭತ್ತದ ಹಸಿರು, ಮುಟ್ಟದಲ್ಲಿ ಎರೆಯ ಕಪ್ಪು. ಸುರಪುರ ತಾಲ್ಲೂಕಿನ ಮಂಗಳೂರಿಗೆ ಹೊರಟಿದ್ದೇನೆ. ಕಡಲ ಬದಿಯದಲ್ಲ, ಚಿನ್ನದ ಮಂಗಳೂರು. ಹಳೆಯ ಗಣಿ ಅಲ್ಲಿ ಬಾಗಿಲು ಹಾಕಿಕೊಂಡು ದಶಕಗಳೇ ಕಳೆದಿವೆ. ಗೋಗಿಯಲ್ಲಿ ಇನ್ನೂ ಆಗದೆ ಉಳಿದದ್ದು ಆಗಿ ಮುಗಿದರೆ ಏನು ಉಳಿಯುತ್ತದೆಂದು ನೋಡಲು ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ.

ಕಿರದಳ್ಳಿ ತಾಂಡಾದಲ್ಲಿ ಬಂಡಿ ನಿಲ್ಲಿಸುತ್ತೇನೆ. ಬೇವಿನ ನೆರಳು, ಕಟ್ಟಿದ ಆಡು, ಹಿಡಿ ಕಳಚಿದ ಕೈಪಂಪು. ಮಗುವೊಂದು ಅದರ ಬಾಯಿಗೆ ಕಲ್ಲು ತುರುಕುವುದರಲ್ಲಿ ತಲ್ಲೀನವಾಗಿದೆ. ಮಣ್ಣಿನಲ್ಲಿ ಕುಳಿತು ಆಡಿದ ಕೈ, ಅದೇ ಕೈ ಬಾಯಿಗೆ.

ಆ ಮಣ್ಣಿನ ವಿಷಯ ಓದಿಕೊಂಡೇ ಬಂದಿದ್ದೆ. ಬಂಗಾಳದ ಆರ್ಸೆನಿಕ್ ಪಿಡುಗನ್ನು ಜಗತ್ತಿನ ಮುಂದಿಟ್ಟ ದೀಪಂಕರ ಚಕ್ರವರ್ತಿಯವರ ತಂಡ ಈ ಮಂಗಳೂರು ಪಟ್ಟಿಯಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಹೊರಬಂತು. 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರೆ ಶೇಕಡಾ 79 ಬಾವಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಮಿನ ಮಿತಿ ದಾಟಿತ್ತು, ಒಂದರಲ್ಲಿ 303. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತಿತ್ತು. 171 ಜನರ ಕೂದಲು, ಉಗುರು ತೆಗೆದು ನೋಡಿದರು, ಒಂದೂ ಚೊಕ್ಕವಿರಲಿಲ್ಲ. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ 2000 ಮಿಲಿಗ್ರಾಮಿಗೂ ಹೆಚ್ಚು. ಅಂದರೆ ಒಂದು ಕಿಲೋ ಮಣ್ಣಿನಲ್ಲಿ ಎರಡು ಗ್ರಾಂ ವಿಷ. ಗಣಿಯ ಪುಡಿಯಿಂದ ಬಂದದ್ದಿರಬಹುದು ಎಂದು ಅವರು ಎಚ್ಚರದಿಂದ ಬರೆದಿದ್ದಾರೆ.

ಚಿನ್ನದ ಅದಿರಿನ ಜೊತೆ ಆರ್ಸೆನಿಕ್ಕಿನ ಕಲ್ಲೂ ಇರುವುದುಂಟು. ಬಂಡೆಯೊಳಗೆ ಅದು ತಣ್ಣಗೆ ಕೂತಿರುತ್ತದೆ. ಮೇಲೆ ತಂದು ಹಿಟ್ಟಿನಂತೆ ಅರೆದು, ಚಿನ್ನ ಆರಿಸಿಕೊಂಡು ಉಳಿದದ್ದನ್ನು ಬಯಲಿಗೆ ಸುರಿದರೆ ಗಾಳಿ ತಾಗುತ್ತದೆ, ಮಳೆ ಬೀಳುತ್ತದೆ. ಕಲ್ಲು ಬಿಡುತ್ತದೆ, ನೀರು ಹಿಡಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಅದು ಹೋಗುವುದಿಲ್ಲ.

ಬೇವಿನ ಕಟ್ಟೆಯ ಮೇಲಿನ ಅಜ್ಜಿ ತಾನಾಗಿಯೇ ಅಂಗೈ ಚಾಚುತ್ತಾಳೆ. ನನ್ನಂಥವರು ಸುಮಾರು ಜನ ಬಂದುಹೋಗಿರಬೇಕು, ಏನು ನೋಡಲು ಬಂದಿದ್ದಾರೆಂದು ಗೊತ್ತಿದೆ. ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳು. ಎದೆಯ ಮೇಲ್ಭಾಗದಲ್ಲಿ, ಧೂಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದಂತೆ ಬಿಳಿ ಕರಿ ಚುಕ್ಕೆ.

‘ಈಗ ನೀರು ಯಾವ್ದು ಕುಡೀತೀರಿ, ಯಮ್ಮಾ?’

‘ನಳದ್ದು. ಆ ಬೋರು ಬಂದ್ ಮಾಡ್ಯಾರ.’

‘ಮತ್ತ ಈ ಮಣ್ಣು?’

ಅವಳಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಮಗುವಿನ ಕಡೆ ನೋಡುತ್ತಾಳೆ, ಪಂಪಿನ ಕಡೆ ನೋಡುತ್ತಾಳೆ. ‘ಮಣ್ಣಿಗೇನಾಗ್ಯದಪ್ಪಾ?’

ಅಲ್ಲಿಂದ ಹೊರಟ ಮೇಲೆ ಬಹಳ ಹೊತ್ತು ಆ ಮಾತೇ ಕಿವಿಯಲ್ಲಿ. ನಮ್ಮಲ್ಲಿ ಸ್ವಚ್ಛ ಮಾಡುವುದೆಂದರೆ ನೀರು ಬದಲಿಸುವುದು. ಹಳೆಯ ಬೋರಿಗೆ ಮುಚ್ಚಳ, ಹೊಸ ನಳ, ಒಂದು ಬೋರ್ಡು. ವಿಷ ಮನೆ ಬದಲಿಸುವುದಿಲ್ಲ, ಕುಡಿಯುವವರು ಬಾವಿ ಬದಲಿಸಬೇಕು.

ದುಡ್ಡಿದ್ದವರ ನಾಡಿನಲ್ಲೂ ಇದು ಸುಲಭವಾಗಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಹುಡುಗರು ಕನಸು ಕಾಣುವ ಸಿಲಿಕಾನ್ ವ್ಯಾಲಿಯಲ್ಲಿ, ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಚಿಪ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ರಾಸಾಯನಿಕ ಸೋರಿ ಕುಡಿಯುವ ನೀರಿನ ಬಾವಿ ಸೇರಿದ್ದು ಗೊತ್ತಾದದ್ದು 1981ರಲ್ಲಿ. ಹುಡುಕುತ್ತಾ ಹೋದಂತೆ ಅಂಥವು ಇನ್ನೂ ಸಿಕ್ಕವು. ಆ ಒಂದೇ ಕೌಂಟಿಯಲ್ಲಿ ಅಮೆರಿಕ ಸರಕಾರ ಸ್ವಚ್ಛ ಮಾಡಲೆಂದು ಪಟ್ಟಿ ಮಾಡಿದ ‘ಸೂಪರ್‌ಫಂಡ್’ ತಾಣಗಳು 20ಕ್ಕೂ ಹೆಚ್ಚು. ಕಾರ್ಖಾನೆಗಳು ಹೋದವು, ಆ ಜಾಗದಲ್ಲಿ ಕಚೇರಿ ಎದ್ದವು. ಕೆಳಗಿನ ನೀರನ್ನು ಎತ್ತಿ ತೊಳೆಯುವ ಕೆಲಸ ದಶಕಗಟ್ಟಲೆ ನಡೆಯಿತು, ಕೆಲವೆಡೆ ಇನ್ನೂ ಮುಗಿದಿಲ್ಲ. ಆದರೆ ಅಲ್ಲಿ ಒಂದು ಕಾಯಿದೆ ಇದೆ, 1980ರದು. ಕೆಡಿಸಿದವರನ್ನು ಹುಡುಕಿ ಖರ್ಚು ವಸೂಲು ಮಾಡಬಹುದು.

ನಮ್ಮಲ್ಲೂ ಕೊನೆಗೆ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳು ಬಂದವು, 2025ರ ಜುಲೈಯಲ್ಲಿ. ಆಸೆಯಿಂದ ಓದುತ್ತಾ ಹೋದೆ. ಜಿಲ್ಲಾಡಳಿತ ಪತ್ತೆ ಮಾಡಬೇಕು, ಪರೀಕ್ಷೆ ಆಗಬೇಕು, ಮಾಲಿನ್ಯಕ್ಕೆ ಕಾರಣರಾದವರೇ ಹಣ ತೆರಬೇಕು. ಎಲ್ಲ ಸರಿ. ಆಮೇಲೆ, ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಸಾಲುಗಳು: ವಿಕಿರಣಶೀಲ ತ್ಯಾಜ್ಯ, ಗಣಿಗಾರಿಕೆ. ಅವಕ್ಕೆ ಬೇರೆ ಕಾನೂನುಗಳಿವೆಯಂತೆ. ಬೇರೆ ಮಾಲಿನ್ಯದ ಜೊತೆ ಬೆರೆತು ಮಿತಿ ಮೀರಿದರೆ ಆಗ ನೋಡಬಹುದೆಂಬ ಸಣ್ಣ ಕಿಂಡಿಯೊಂದು ಉಳಿದಿದೆ. ಯಾದಗಿರಿ ಜಿಲ್ಲೆಯ ಈ ಎರಡೂ ಊರುಗಳನ್ನು ಎದುರಿಗಿಟ್ಟುಕೊಂಡು ಬರೆದಿದ್ದರೂ ಅವನ್ನು ಇಷ್ಟು ಸರಿಯಾಗಿ ಹೊರಗಿಡಲು ಆಗುತ್ತಿರಲಿಲ್ಲ.

ಸಂಜೆ ಮತ್ತೆ ಗೋಗಿ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಪಾಳಿ. ಸೈಕಲ್ಲಿಗೆ ಕ್ಯಾನು ತೂಗುಹಾಕಿದ ಹುಡುಗರು, ಸೊಂಟದ ಮೇಲೆ ಕೊಡವಿಟ್ಟ ಹೆಣ್ಣುಮಕ್ಕಳು. ನಾಣ್ಯ ಒಳಗೆ ಬಿದ್ದ ಸದ್ದು, ಆಮೇಲೆ ನೀರಿನ ಸದ್ದು. ಬೆಳಿಗ್ಗೆಯ ಹೋಟೆಲಿನವನೂ ಎರಡು ಕ್ಯಾನು ಹಿಡಿದು ನಿಂತಿದ್ದಾನೆ. ‘ಹೆಂಗ್ರಿ, ನೋಡಿದ್ರೇನು?’ ಎಂದು ನಗುತ್ತಾನೆ.

ಘಟಕದ ಹಿಂಬದಿಗೆ ಹೋಗುತ್ತೇನೆ. ಗೋಡೆಯಿಂದ ಬೂದು ಬಣ್ಣದ ಪೈಪೊಂದು ಹೊರಗೆ ಬಂದಿದೆ. ಯಂತ್ರದ ಪೊರೆ ತಡೆದು ನಿಲ್ಲಿಸಿದ್ದೆಲ್ಲ, ಲವಣ, ಲೋಹ ಯಾವುದಿದ್ದರೆ ಅದು, ಬೋರಿನಲ್ಲಿದ್ದುದಕ್ಕಿಂತ ಗಟ್ಟಿಯಾಗಿ ಈ ಪೈಪಿನಿಂದ ಹೊರಬೀಳುತ್ತದೆ. ಮುಂದೆ ಕ್ಯಾನು ತುಂಬುತ್ತಿರುವಷ್ಟು ಹೊತ್ತೂ ಹಿಂದೆ ಇದು ಸುರಿಯುತ್ತಿರುತ್ತದೆ. ಕೆಳಗೆ ಮಣ್ಣು ಕೊರೆದು ಸಣ್ಣ ಕಾಲುವೆಯಾಗಿದೆ, ಕಾಲುವೆಯ ಅಂಚಿಗೆ ಬಿಳಿ ಉಪ್ಪಿನ ಗೆರೆ. ಒಬ್ಬ ಹೆಂಗಸು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಾಳೆ. ನೀರು ಅವಳ ಕಾಲ ಸಂದಿಯಿಂದ ಹಾದು, ರಸ್ತೆಬದಿಯ ಚರಂಡಿಗೆ ಇಳಿದು, ಹೊಲಗಳ ಕಡೆ ಹೋಗುತ್ತದೆ.