ಹಳೆಯ ಯೆಜ್ಡಿಯ ಅಂಗಾಂಗಗಳನ್ನು ಅರಸುತ್ತ

ಯಾತ್ರೆಗೆ ಹೋದವರು ಪ್ರಸಾದವನ್ನು ತರುವದು ರೂಢಿ. ಕಳೆದ ಮಾಘಮಾಸದಲ್ಲಿ ಗದುಗಿನ ಸೀಮೆಯನ್ನು ಸುತ್ತಿ ಬಂದ ನಾವು ತಂದದ್ದು ಒಂದು ಚೀಲ ಹಳೆಯ ಕಬ್ಬಿಣ! ವಾಚಕರು ನಗಬಹುದು, ನಮ್ಮ ಗೃಹಿಣಿಯೂ ನಕ್ಕಳು.

ಸಂಗತಿಯೇನೆಂದರೆ, ನಮ್ಮ ಅಣ್ಣನ ಮಗನಿಗೆ ತಂದೆಯ ಕಾಲದ ಯೆಜ್ಡಿ ಮೋಟಾರು ಸೈಕಲ್ಲನ್ನು ಹಳೆಯ ಗಾಡಿಗಳ ಪಂದ್ಯದಲ್ಲಿ ಓಡಿಸಬೇಕೆಂಬ ಹಂಬಲ. ಕೈಯಲ್ಲಿದ್ದ ಹಣ 15,000 ರೂಪಾಯಿ. ಪಂದ್ಯಕ್ಕಿದ್ದ ಅವಧಿ ಒಂದೇ ತಿಂಗಳು. ಝೆಕೊಸ್ಲೊವಾಕಿಯದ ಜಾವಾ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಿಂದ ತಯಾರಿಸತೊಡಗಿತು. ಯೆಜ್ಡಿ ಅದರ ಸಂತತಿ. 1996ರಲ್ಲಿ ಆ ಕಾರಖಾನೆಯು ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದುವಾದರೂ ಅವುಗಳ ಯಂತ್ರವೇ ಬೇರೆ. ಆದುದರಿಂದ ಹಳೆಯ ಗಾಡಿಗಳು ಒಂದರ ಅಂಗದಿಂದ ಇನ್ನೊಂದು ಬದುಕಬೇಕಾಗಿದೆ.

ಗದಗ-ಬೆಟಗೇರಿಯಲ್ಲಿ ಮೊದಲು ವೀರನಾರಾಯಣನ ದರ್ಶನ ಮಾಡಿ, ಬಳಿಕ ಗುಜರಿ ಅಂಗಡಿಗಳನ್ನು ಹೊಕ್ಕೆವು. ಹ್ಯಾಂಡಲು, ಮಡ್‌ಗಾರ್ಡು, ಕಿಕ್ ಹೊಡೆಯುವದಕ್ಕೂ ಗೇರು ಬದಲಿಸುವದಕ್ಕೂ ಆಗುವ ಆ ಒಂದೇ ಸನ್ನೆ, ಇವೆಲ್ಲ ಅಗ್ಗವಾಗಿ ದೊರೆತವು. ತ್ರಿಕೂಟೇಶ್ವರನ ಗುಡಿಯಲ್ಲಿ ಚಾಲುಕ್ಯರ ಶಿಲ್ಪಿಗಳು ಕಡೆದ ನುಣುಪಾದ ಕಂಬಗಳನ್ನು ನೋಡಿ ಬಂದ ಕಣ್ಣಿಗೆ, ಓಣಿಯ ಲೇಥಿನ ಮಿಸ್ತ್ರಿಯೂ ಅವರ ವಂಶದವನಂತೆಯೇ ತೋರಿದನು.

ಪ್ರಾಚೀನ ಪುಲಿಗೆರೆಯೆನಿಸಿದ ಲಕ್ಷ್ಮೇಶ್ವರದಲ್ಲಿ ಕಾಳಿನ ಅಂಗಡಿಯೊಂದರ ಅಟ್ಟದ ಮೇಲೆ ಸಿಲಿಂಡರೊಂದು ಸಿಕ್ಕಿತು. ಹುಡುಗನು ಒಳಗೆ ಬೆರಳಾಡಿಸಿ, ಇನ್ನೊಮ್ಮೆ ಬೋರು ಹಾಕಿಸುವಷ್ಟು ದಪ್ಪವುಂಟೆಂದು ಹಿಗ್ಗಿದನು. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠಕ್ಕೆ ಕೈಮುಗಿದು ಬರುವಾಗ, ಮುಂದಿನ ಗಾಲಿಯ ಬ್ರೇಕಿನ ಹಬ್ಬು 600 ರೂಪಾಯಿಗೆ ದೊರೆಯಿತು. ಚೌಕಾಶಿಯಲ್ಲಿ ಗೆದ್ದೆವೆಂದು ನಾವು ಬೀಗಿದೆವು.

ಮರುದಿನ ಮುಂಡರಗಿಗೆ ಹೊರಟೆವು. ಬಲಗಡೆ ಕಪ್ಪತಗುಡ್ಡವು ಒಣಗಿ ನಿಂತಿದ್ದಿತು. ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ಗೋಡೆಯನ್ನು ಕಂಡು ಹುಡುಗನು, "ಕಾಕಾ, ಇದು ಗೇರಿನ ಚಕ್ರದ್ಹಂಗ ಐತಲ್ಲ!" ಎಂದನು.

ಮುಂಡರಗಿಯ ವೃದ್ಧ ಮಿಸ್ತ್ರಿಯು ನಮ್ಮ ಚೀಲವನ್ನು ಸುರುವಿಸಿಕೊಂಡು, ಮಾತಿಲ್ಲದೆ ಹಬ್ಬನ್ನು ಎತ್ತಿಕೊಂಡನು. ಸೀಮೆಎಣ್ಣೆಯಲ್ಲಿ ಅದ್ದಿ, ಕೆಲಹೊತ್ತಿನ ಮೇಲೆ ಒಣಗುವಂತೆ ಒರಸಿ, ಸುಣ್ಣದ ಕಡ್ಡಿಯ ಪುಡಿಯನ್ನು ಬಳಿದನು. ನೋಡುನೋಡುತ್ತಿರುವಂತೆಯೇ ಬಿಳುಪಿನ ಮೇಲೆ ಕೂದಲೆಳೆಯಂತಹ ಕಪ್ಪು ಗೆರೆಯೊಂದು ಮೂಡಿತು. ಬಿರುಕಿನೊಳಗೆ ಅಡಗಿದ್ದ ಎಣ್ಣೆಯು ಹೊರಗೆ ಬಂದು ಸಾಕ್ಷಿ ನುಡಿದಿದ್ದಿತು!

"ಗ್ವಾಡಿಗೆ ತೂಗುಹಾಕೂದಾದ್ರ ಇರಲಿರೀ ಯಜಮಾನ್ರ. ಈ ಹುಡುಗ ಓಡಸೂದಾದ್ರ ಬ್ಯಾಡ," ಎಂದನು ಮಿಸ್ತ್ರಿ.

ನಮ್ಮ ಎದೆ ಝಲ್ಲೆಂದಿತು. ನಮ್ಮ ಚೌಕಾಶಿಯ ಗೆಲುವು ಪಂದ್ಯದ ತಿರುವಿನಲ್ಲಿ ಮಗುವಿನ ಪ್ರಾಣವನ್ನೇ ಕೇಳುತ್ತಿದ್ದಿತಲ್ಲ! ಮಿಸ್ತ್ರಿಯು ಇನ್ನೊಂದು ಮರ್ಮವನ್ನೂ ತಿಳುಹಿದನು. ಈ ಎರಡು ಹೊಡೆತದ ಯಂತ್ರದಲ್ಲಿ ಎಣ್ಣೆ ಬೆರೆತ ಪೆಟ್ರೋಲಿನ ಹಬೆಯು ಕ್ರ್ಯಾಂಕಿನ ಗೂಡಿನೊಳಗಿಂದಲೇ ಮೇಲೇರುವದು. ಅಲ್ಲಿಯ ಸೀಲು ಸವೆದು ಗಾಳಿ ಸೇರಿದರೆ ಪೆಟ್ರೋಲಿನೊಡನೆ ಎಣ್ಣೆಯ ಪಾಲೂ ತಗ್ಗಿ, ಪಿಸ್ಟನ್ ಕಾದು ಕಚ್ಚಿ, ಹಿಂದಿನ ಗಾಲಿ ಓಟದಲ್ಲಿಯೇ ಬಿಗಿದುಕೊಳ್ಳುವದು. ಆದುದರಿಂದ ಹ್ಯಾಂಡಲು, ಮಡ್‌ಗಾರ್ಡುಗಳು ಹಳೆಯವಿರಲಿ. ಸೀಲು, ಬೇರಿಂಗು, ಬ್ರೇಕಿನ ಪಟ್ಟಿಗಳು ಮಾತ್ರ ಹೊಸವೇ ಆಗಬೇಕು.

ಲೆಕ್ಕ ಹಾಕಲು ಹಣ ಸಾಲದಾಯಿತು. ಹುಡುಗನು ಬಹಳ ಹೊತ್ತು ಆ ಕಪ್ಪು ಗೆರೆಯನ್ನೇ ನೋಡುತ್ತ ಕುಳಿತು, ಕಡೆಗೆ "ಈ ಸಲ ಪಂದ್ಯ ಬ್ಯಾಡ ಕಾಕಾ, ಮುಂದಿನ ವರ್ಷ ನೋಡೂಣು" ಎಂದನು. ಆ ಮಾತಿಗೆ ಅವನು ತೆತ್ತ ಬೆಲೆ ನಮಗೆ ತಿಳಿದಿದ್ದಿತು.

ಬಿರುಕು ಬಿಟ್ಟ ಆ ಹಬ್ಬು ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಸಂತೆಗೆ ಹೊರಡುವಾಗಲೆಲ್ಲ ಗೃಹಿಣಿಯು ಅದರ ಕಡೆಗೆ ಬೆರಳು ತೋರಿಸುವಳು. ನಾವು ಸುಮ್ಮನೆ ಚೀಲವನ್ನೆತ್ತಿಕೊಂಡು ಹೊರಬೀಳುವೆವು.